ಮಗುವಿಗಾಗಿ ಕೆಲಸ ಬಿಟ್ಟವರು ಮತ್ತೆ ಕೋಡಿಂಗ್‌ಗೆ ಬರಬಹುದಾ?

ಖಂಡಿತ ಬರಬಹುದು. ಐದು ವರ್ಷ ಜಾವಾ ಭಾಷೆಯಲ್ಲಿ ಕೋಡಿಂಗ್ ಕೆಲಸ ಮಾಡಿದ್ದೀರಿ, ಆಮೇಲೆ ಮಗುವಿಗಾಗಿ ನಾಲ್ಕು ವರ್ಷ ಬಸವನಗುಡಿಯ ಮನೆಯಲ್ಲೇ ಇದ್ದೀರಿ, ಈಗ ಎಲ್ಲರೂ "ನಿನಗೆ ಟೆಸ್ಟಿಂಗೇ ಸರಿ" ಅಂತಿದ್ದಾರೆ ಅಂದಿದ್ದೀರಿ. ಟೆಸ್ಟಿಂಗ್, ಅಂದರೆ ಬರೆದ ಕೋಡ್‌ನಲ್ಲಿ ತಪ್ಪು ಹುಡುಕೋದು, ಒಳ್ಳೆಯ ಕೆಲಸವೇ. ಆದರೆ ಕೋಡ್ ಬರೆಯೋದೇ ಇಷ್ಟ ಅಂದ ಮೇಲೆ ಯಾರೋ ಹೇಳಿದರು ಅಂತ ಅದನ್ನು ಬಿಡಬೇಡಿ.

ನಿಮಗೆ ಗೊತ್ತಿದ್ದ ಜಾವಾ ಏನೂ ಹಳಸಿಲ್ಲ. ಲೂಪ್, ಕಲೆಕ್ಷನ್, ಡೇಟಾಬೇಸ್‌ಗೆ ಬಳಸೋ ಎಸ್‌ಕ್ಯೂಎಲ್ ಎಲ್ಲಾ ಹಾಗೇ ಇವೆ. 2023ರಲ್ಲಿ ಬಂದ ಜಾವಾ 21ರ ವರ್ಚುವಲ್ ಥ್ರೆಡ್ (ಒಂದೇ ಸಲ ಸಾವಿರಾರು ಕೆಲಸ ನಡೆಸೋಕೆ ಬಳಸೋ ಹಗುರ ಥ್ರೆಡ್) ಬಗ್ಗೆ ಓದಿಕೊಳ್ಳಿ. ಮತ್ತೆ ಜಾವಾದಲ್ಲಿ ವೆಬ್ ಆ್ಯಪ್ ಕಟ್ಟೋಕೆ ಬಳಸೋ ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕು, ಅದರಲ್ಲಿ ಜಾವಾಎಕ್ಸ್ (javax) ಹೆಸರಿನ ಹಲವು ಕೋಡ್ ಪ್ಯಾಕೇಜ್‌ಗಳ ಬದಲು ಜಕಾರ್ತಾ (jakarta) ಹೆಸರಿನವು ಬಂದಿರೋದರಿಂದ ಹಳೆ ಕೋಡ್ ಸುಮ್ನೆ ಹಾಗೇ ಓಡಲ್ಲ. ಹಳೆಯ ಒಂದು ಸಣ್ಣ ಪ್ರಾಜೆಕ್ಟನ್ನು ಸ್ಪ್ರಿಂಗ್ ಬೂಟ್ 3ಕ್ಕೆ ಬದಲಾಯಿಸಿ, ಕೋಡ್ ಹಂಚಿಕೊಳ್ಳೋ ಜಾಲತಾಣ ಗಿಟ್‌ಹಬ್‌ನಲ್ಲಿ ಹಾಕಿ. ಹತ್ತು ಸರ್ಟಿಫಿಕೇಟ್‌ಗಿಂತ ಇದರ ಬೆಲೆ ಜಾಸ್ತಿ. ರೆಸ್ಯೂಮೆಯಲ್ಲಿ ಬಿಡುವಿನ ವರ್ಷಗಳನ್ನು ಮುಚ್ಚಿಡಬೇಡಿ, ಒಂದೇ ಸಾಲಲ್ಲಿ ಬರೆಯಿರಿ.

ಬಿಡುವಿನ ನಂತರ ಮರಳುವವರಿಗಾಗಿಯೇ ಕೆಲವು ದೊಡ್ಡ ಕಂಪನಿಗಳು 'ರಿಟರ್ನ್‌ಶಿಪ್', ಅಂದರೆ ಸ್ವಲ್ಪ ಕಾಲದ ತಾತ್ಕಾಲಿಕ ಕೆಲಸದ ಯೋಜನೆ, ನಡೆಸುತ್ತವೆ. ಅರ್ಜಿ ಹಾಕೋ ಮೊದಲು ಕೊನೆಯಲ್ಲಿ ಕೆಲಸ ಖಾಯಂ ಆಗುತ್ತಾ ಅಂತ ಕೇಳಿ. ಶಿಶುವಿಹಾರದ ಬಗ್ಗೆಯೂ ಸಂಕೋಚ ಇಲ್ಲದೆ ಕೇಳಿ. 2017ರ ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿ 26 ವಾರಗಳ ರಜೆಯ ಜೊತೆಗೆ, 50 ಅಥವಾ ಹೆಚ್ಚು ಜನ ಇರುವ ಕಡೆ ಶಿಶುವಿಹಾರದ ಸೌಲಭ್ಯವನ್ನೂ ಕಡ್ಡಾಯ ಮಾಡಿತು. ಅದು ಕಂಪನಿ ಮಾಡೋ ಉಪಕಾರ ಅಲ್ಲ, ಅಲ್ವಾ?

ಆಫೀಸ್ ಎಲ್ಲಿದೆ ಅನ್ನೋದನ್ನೂ ನೋಡಿ. ನಿಮ್ಮ ಬಸವನಗುಡಿಗೆ ಹತ್ತಿರದ ಆರ್.ವಿ. ರೋಡ್‌ನಿಂದ ಹಳದಿ ಮಾರ್ಗದ ಮೆಟ್ರೋ ಹಿಡಿದರೆ ನೇರ ಎಲೆಕ್ಟ್ರಾನಿಕ್ ಸಿಟಿ, ಹಾಗಾಗಿ ಮೊದಲು ಆ ಕಡೆಯ ಕಂಪನಿಗಳಿಗೆ ಅರ್ಜಿ ಹಾಕಿ.