ಮಾಲೀಕರು ಮನೆ ಮಾರುತ್ತಿದ್ದಾರೆ, ಬಾಗಿಲು ತೆರೆಯುವ ಹಕ್ಕು ಯಾರದು?

ಪ್ರಶ್ನೆ: ಹನುಮಂತನಗರದ ಮನೆಯೊಂದರ ಮೊದಲ ಮಹಡಿಯಲ್ಲಿ ನಾಲ್ಕು ವರ್ಷದಿಂದ ಬಾಡಿಗೆಗಿದ್ದೇವೆ. ಬಾಡಿಗೆ 22,000 ರೂಪಾಯಿ, ಅಡ್ವಾನ್ಸ್ 2 ಲಕ್ಷ. ಹನ್ನೊಂದು ತಿಂಗಳ ಕರಾರು ಮುಗಿಯಲು ಇನ್ನೂ ಐದು ತಿಂಗಳಿದೆ. ಈಗ ಮಾಲೀಕರು ಮನೆಯನ್ನು ಮಾರಾಟಕ್ಕಿಟ್ಟಿದ್ದು, ಬ್ರೋಕರ್ ಹೇಳದೆ ಕೇಳದೆ ಜನರನ್ನು ಕರೆತರುತ್ತಾರೆ. ಕಳೆದ ವಾರ ಪಿಯುಸಿ ಓದುವ ಮಗಳೊಬ್ಬಳೇ ಇದ್ದಾಗ, ಮಾಲೀಕರ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆದು ನಾಲ್ವರು ಒಳಬಂದರು. ಚಪ್ಪಲಿ ಹಾಕಿಕೊಂಡೇ ದೇವರ ಮನೆಯವರೆಗೆ ಹೋದರು, ನಮ್ಮ ಬೀರು ತೆಗೆದು ನೋಡಿದರು, ಫೋಟೊ ತೆಗೆದರು. ಕೇಳಿದರೆ ಮಾಲೀಕರು ‘ಮನೆ ನನ್ನದು, ತೋರಿಸಬಾರದೇ?’ ಎನ್ನುತ್ತಾರೆ. ನಾವು ತಡೆಯಬಹುದೇ? ನಮ್ಮ ಅಡ್ವಾನ್ಸ್ ಯಾರು ಕೊಡುತ್ತಾರೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಡೆಯಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ‘ಮನೆ ನನ್ನದು’ ಎಂಬ ಒಂದು ಮಾತಿಗೆ ಎಷ್ಟೋ ಬಾಡಿಗೆದಾರರು ಸುಮ್ಮನಾಗಿಬಿಡುತ್ತಾರೆ. ಒಡೆತನ ಅವರದೇ, ಮಾರಲು ನಿಮ್ಮ ಅಪ್ಪಣೆ ಬೇಕಿಲ್ಲ. ಆದರೆ ಬಾಡಿಗೆ ಪಡೆದು ಮನೆಯನ್ನು ನಿಮ್ಮ ವಶಕ್ಕೆ ಕೊಟ್ಟ ಮೇಲೆ, ಆ ಹೊಸ್ತಿಲು ದಾಟುವವರು ನಿಮ್ಮನ್ನು ಕೇಳಿಯೇ ದಾಟಬೇಕು.

1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ನಿಮಗೆ ಆಧಾರ ನಿಮ್ಮ ಕರಾರು ಪತ್ರ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬಾಡಿಗೆ ಕಟ್ಟಿಕೊಂಡು ಕರಾರಿನಂತೆ ನಡೆದುಕೊಳ್ಳುವವರು ಅವಧಿ ಮುಗಿಯುವವರೆಗೆ ಅಡೆತಡೆಯಿಲ್ಲದೆ ಇರಬಹುದು ಎನ್ನುತ್ತದೆ ಅದರ 108ನೇ ಸೆಕ್ಷನ್. ಅದೇ ಸೆಕ್ಷನ್ ಮಾಲೀಕರಿಗೂ ಅವರ ಪ್ರತಿನಿಧಿಗಳಿಗೂ ಒಳಬರುವ ಅವಕಾಶ ಕೊಟ್ಟಿದೆ. ಆದರೆ ಅದು ಕಟ್ಟಡದ ಸ್ಥಿತಿ ಪರಿಶೀಲಿಸಲು, ಅದೂ ಸೂಕ್ತ ವೇಳೆಯಲ್ಲಿ. ಕೊಳ್ಳುವವರ ಮೆರವಣಿಗೆಗೆ ಇದನ್ನು ಪರವಾನಗಿಯೆಂದು ಓದಲು ನಾನಂತೂ ಒಪ್ಪುವುದಿಲ್ಲ. ಕರಾರಿನಲ್ಲಿ ಬೇರೆ ಮಾತಿದ್ದರೆ ಮಾತ್ರ ಅದು ಮುಂದಾಗುತ್ತದೆ. ಹಾಗಾಗಿ ಪತ್ರವನ್ನು ಇಂದೇ ತೆಗೆದು, ಮನೆ ತೋರಿಸುವ ಬಗ್ಗೆ ಸಾಲೇನಾದರೂ ಇದೆಯೇ ನೋಡಿ.

ಮಗಳ ವಿಷಯ ಓದಿ ನನಗೆ ಸಂಕಟವಾಯಿತು. ಪುಸ್ತಕ ಹಿಡಿದು ಕೂತ ಹುಡುಗಿಗೆ ಹೊರಗಿನಿಂದ ಕೀಲಿ ತಿರುಗುವ ಸದ್ದು ಕೇಳಿಸಿ, ಗುರುತಿಲ್ಲದ ನಾಲ್ವರು ಎದುರು ನಿಂತರೆ ಅವಳ ಎದೆ ಏನಾಗಿರಬೇಡ! ಇದು ಮತ್ತೆ ನಡೆಯಬಾರದು. ಮಾಲೀಕರ ಬಳಿಯ ಕೀಲಿಯನ್ನು ವಾಪಸು ಕೇಳಿ. ಕೊಡದಿದ್ದರೆ, ಕರಾರಿನಲ್ಲಿ ಅಡ್ಡಿಯಿಲ್ಲದ ಪಕ್ಷದಲ್ಲಿ, ಅವರಿಗೆ ತಿಳಿಸಿ ನಿಮ್ಮ ಖರ್ಚಿನಲ್ಲಿ ಬೀಗ ಬದಲಿಸಿ. ಹಳೆಯ ಬೀಗವನ್ನು ಜೋಪಾನವಾಗಿಟ್ಟು ಮನೆ ಬಿಡುವಾಗ ಹಾಕಿಸಿಕೊಡಿ. ಮಗಳು ಒಬ್ಬಳೇ ಇದ್ದಾಗ ಒಳಗಿನಿಂದ ಚಿಲಕ ಹಾಕಿಕೊಳ್ಳಲಿ. ಯಾರಾದರೂ ಒತ್ತಾಯದಿಂದ ಬಂದರೆ 112ಕ್ಕೆ ಕರೆ ಮಾಡಲಿ, ಹಿಂಜರಿಯುವುದು ಬೇಡ.

ಈ ಒಂದು ಘಟನೆಗೆ ದೂರು ಕೊಟ್ಟರೆ ಠಾಣೆಯಲ್ಲಿ ‘ಸಿವಿಲ್ ವಿಷಯ’ ಎಂದು ಹೇಳಿ ಕಳಿಸುವುದುಂಟು. ನೀವು ಬರಹದಲ್ಲಿ ಬೇಡವೆಂದ ಮೇಲೂ ನುಗ್ಗಿದರೆ ದೂರಿಗೆ ತೂಕ ಬರುತ್ತದೆ. ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳುವುದಾದರೂ ಆ ಬರಹವೇ ಕೈ ಹಿಡಿಯುತ್ತದೆ. ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲಾದರೂ ಸರಿ, ಹೀಗೆ ಬರೆಯಿರಿ: ‘ಸರ್, ಮನೆ ತೋರಿಸಲು ನಮ್ಮ ಅಭ್ಯಂತರವಿಲ್ಲ. ಶನಿವಾರ ಸಂಜೆ 4ರಿಂದ 6ರವರೆಗೆ ನಾವು ಮನೆಯಲ್ಲಿರುತ್ತೇವೆ. ಹಿಂದಿನ ದಿನವೇ ತಿಳಿಸಿ. ನೀವೋ ಬ್ರೋಕರೋ ಜೊತೆಗಿರಬೇಕು. ನಾವಿಲ್ಲದಾಗ ಯಾರೂ ಒಳಗೆ ಬರಬಾರದು, ನಮ್ಮ ಸಾಮಾನು ಮುಟ್ಟಬಾರದು, ಕೇಳದೆ ಫೋಟೊ ತೆಗೆಯಬಾರದು.’

ಪೂರ್ತಿ ಬಾಗಿಲು ಮುಚ್ಚಿ ಕೂರುವುದಕ್ಕಿಂತ ಇದು ಒಳ್ಳೆಯದು. ಮಾಲೀಕರಿಗೂ ಕಷ್ಟವಿರಬಹುದು, ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಮನೆ ಮಾರುವವರನ್ನು ನಾನು ಕಂಡಿದ್ದೇನೆ. ‘ಹಿಂದಿನ ದಿನ’ ಎಂಬುದು ನಾನು ಗಾಳಿಯಿಂದ ಹಿಡಿದ ಲೆಕ್ಕವಲ್ಲ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮಾಲೀಕರು ಒಳಬರುವ ಮುನ್ನ 24 ಗಂಟೆ ಮೊದಲು ತಿಳಿಸಬೇಕು, ತುರ್ತು ಸಂದರ್ಭವಲ್ಲದೆ ಸೂರ್ಯೋದಯಕ್ಕೆ ಮುನ್ನ, ಸೂರ್ಯಾಸ್ತದ ನಂತರ ಬರಬಾರದು ಎಂದಿದೆ. ರಾಜ್ಯ ತನ್ನದೇ ಕಾನೂನಾಗಿ ತಂದರೆ ಮಾತ್ರ ಅದು ಇಲ್ಲಿ ಜಾರಿಯಾಗುತ್ತದೆ, ಆದರೂ ಮಾತುಕತೆಯಲ್ಲಿ ಒಳ್ಳೆಯ ಅಳತೆಗೋಲು.

ಫೋಟೊಗಳು ಜಾಹೀರಾತಿನಲ್ಲಿ ಬಂದಿವೆಯೇ ಎಂದು ಮನೆ ಮಾರಾಟದ ಜಾಲತಾಣಗಳಲ್ಲಿ ಹುಡುಕಿ. ಗೋಡೆಯ ಮೇಲಿನ ಕುಟುಂಬದ ಚಿತ್ರವೋ ಮಗಳ ಮೇಜೋ ಕಂಡರೆ ತೆಗೆಯುವಂತೆ ಬ್ರೋಕರ್‌ಗೂ ಜಾಲತಾಣಕ್ಕೂ ಬರೆಯಿರಿ. ಬರಿಯ ಗೋಡೆ, ಕಿಟಕಿ, ಅಡುಗೆ ಕಟ್ಟೆಯ ಫೋಟೊಗೆ ನೀವೇ ಒಂದು ದಿನ ಗೊತ್ತುಮಾಡಿ, ಸಾಮಾನು ಸರಿಸಿಕೊಟ್ಟರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಇನ್ನು ಅಡ್ವಾನ್ಸ್. ಮಾರಾಟವಾದ ಮಾತ್ರಕ್ಕೆ ನಿಮ್ಮ ಕರಾರು ರದ್ದಾಗುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಸೆಕ್ಷನ್ ಪ್ರಕಾರ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಆದರೆ 2 ಲಕ್ಷ ಯಾರ ಕೈಯಲ್ಲಿದೆ ಎಂಬುದನ್ನು ಬಾಯಿಮಾತಿಗೆ ಬಿಡಬೇಡಿ. ನೋಂದಣಿಗೆ ಮೊದಲೇ ಹಳಬರು, ಹೊಸಬರು, ನೀವು ಮೂವರೂ ಸಹಿ ಮಾಡಿದ ಒಂದು ಪತ್ರ ಇರಲಿ: ಅಡ್ವಾನ್ಸ್ ಮೊತ್ತ, ಅದನ್ನು ಮರಳಿಸುವವರು ಯಾರು, ಮುಂದಿನ ಬಾಡಿಗೆ ಯಾವ ತಿಂಗಳಿಂದ ಯಾರ ಖಾತೆಗೆ. ಮಾರಾಟದ ಸುದ್ದಿ ನಿಮಗೆ ತಿಳಿಯುವ ಮೊದಲು ಹಳೆಯ ಮಾಲೀಕರಿಗೆ ಕಟ್ಟಿದ ಬಾಡಿಗೆಯನ್ನು ಹೊಸಬರು ಮತ್ತೆ ಕೇಳುವಂತಿಲ್ಲ. ಬ್ಯಾಂಕಿನ ಮೂಲಕವೇ ಕಟ್ಟಿ, ರಸೀದಿ ತೆಗೆದಿಡಿ.