ಪ್ರೀತಿಸೋದಕ್ಕೆ ಧೈರ್ಯ ಬೇಕಾ? ಅಥವಾ ಮನುಷ್ಯನ ಹುಟ್ಟುಗುಣವೇ ಹೆದರಿಕೆನಾ?

ಧೈರ್ಯ ಬೇಕು. ಆದರೆ ಪ್ರೀತಿಸುವ ಇಬ್ಬರಿಗಿಂತ ಜಾಸ್ತಿ ಧೈರ್ಯ ಅವರ ಪಕ್ಕ ನಿಲ್ಲುವವರಿಗೆ ಬೇಕು ಅಂತ ನನಗೆ ಅನ್ನಿಸುತ್ತದೆ. ಪ್ರೀತಿಸಿದವರಿಗೆ ಬೇರೆ ದಾರಿ ಇರುವುದಿಲ್ಲ. ಪಕ್ಕದವರು ಮಾತ್ರ ಸುಮ್ನೆ ಮನೆಯಲ್ಲಿ ಇದ್ದುಬಿಡಬಹುದು, ಯಾರೂ ಏನೂ ಅನ್ನುವುದಿಲ್ಲ.

ಕೆಲವು ವರ್ಷದ ಹಿಂದೆ ನನ್ನ ಗೆಳೆಯನ ಮದುವೆಗೆ ಸಾಕ್ಷಿ ಸಹಿ ಹಾಕಿದೆ. ಹುಡುಗ ಹುಡುಗಿ ಬೇರೆ ಬೇರೆ ಧರ್ಮದವರು, ಯಾರೂ ಮತ ಬದಲಿಸಲು ಒಪ್ಪಲಿಲ್ಲ, ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸಬೇಕಿತ್ತು. ಅದಕ್ಕೆ ಮೊದಲು ನೋಟಿಸ್ ಕೊಡಬೇಕು. ಆ ನೋಟಿಸನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸುತ್ತಾರೆ. 30 ದಿನದೊಳಗೆ ಯಾರು ಬೇಕಾದರೂ ತಕರಾರು ಹೇಳಬಹುದು. ವಯಸ್ಸು ಆಗಿಲ್ಲ, ಮೊದಲೇ ಮದುವೆ ಆಗಿದೆ, ಇಂಥದ್ದು ಮಾತ್ರ ತಕರಾರು. ಮನೆಯವರಿಗೆ ಇಷ್ಟ ಇಲ್ಲ ಅನ್ನುವುದು ಲೆಕ್ಕಕ್ಕಿಲ್ಲ. ಆದರೆ ಬೋರ್ಡಿನ ಮೇಲೆ ಹೆಸರು, ವಿಳಾಸ ಎಲ್ಲಾ ಇರುತ್ತದಲ್ವಾ? ಹನ್ನೆರಡನೇ ದಿನ ಯಾರೋ ನೋಡಿ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದರು.

ಮದುವೆಗೆ ಮೂವರು ಸಾಕ್ಷಿ ಬೇಕು. ಹಿಂದಿನ ರಾತ್ರಿ ಒಬ್ಬ, "ಸಾರಿ ಮಗಾ, ಅಪ್ಪ ಬೇಡ ಅಂತಿದ್ದಾರೆ" ಅಂದುಬಿಟ್ಟ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಮ್ಮಮ್ಮನೂ "ಊರ ಉಸಾಬರಿ ನಿನಗ್ಯಾಕೆ" ಅಂದಿದ್ದಳು, ನಾನೂ ಎರಡು ದಿನ ಗೆಳೆಯನ ಫೋನ್ ಎತ್ತಿರಲಿಲ್ಲ.

ಬೆಳಿಗ್ಗೆ ಮೂರನೆಯವರಾಗಿ ಬಂದವರು ಹುಡುಗಿಯ ಸೋದರತ್ತೆ. ಅರವತ್ತು ದಾಟಿದ ಹೆಂಗಸು, ಅಣ್ಣನ ಮಾತಿಗೆ ಯಾವತ್ತೂ ಎದುರು ಹೇಳಿದವರಲ್ಲ. ಕರ್ಚೀಫಿನಲ್ಲಿ ಸುತ್ತಿದ್ದ ಆಧಾರ್ ಕಾರ್ಡ್ ಬಿಚ್ಚಿ ಟೇಬಲ್ ಮೇಲಿಟ್ಟರು. ಪೆನ್ನು ಹಿಡಿಯುವ ಮುಂಚೆ ಸೆರಗಿನಲ್ಲಿ ಅಂಗೈ ಒರೆಸಿಕೊಂಡರು. ಕನ್ನಡದಲ್ಲಿ ಒಂದೊಂದೇ ಅಕ್ಷರ ಬರೆದು, ಕೊನೆಯ ಒತ್ತಕ್ಷರ ಸರಿಯಾಗಿ ಬಿದ್ದಿಲ್ಲ ಅಂತ ಅದರ ಮೇಲೇ ಇನ್ನೊಂದು ಸಲ ತಿದ್ದಿದರು.

ಆವತ್ತಿನಿಂದ ಕಲ್ಯಾಣದ ಕಥೆ ನನಗೆ ಬೇರೆ ಥರ ಕಾಣುತ್ತದೆ. 12ನೇ ಶತಮಾನ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಂತ್ರಿ ಮಧುವರಸನ ಮಗಳಿಗೂ ಮದುವೆ ಆಯಿತು. ಅಲ್ಲಿನ ದೊರೆ ಬಿಜ್ಜಳ ಇಬ್ಬರು ಬೀಗರನ್ನೂ ಆನೆ ಕಾಲಿಗೆ ಕಟ್ಟಿಸಿ ಎಳೆಸಿದ ಅನ್ನುವುದು ನಾವು ಕೇಳುತ್ತಾ ಬಂದ ಕಥೆ. ನೋಡಿ, ಊರಿನ ಸಿಟ್ಟು ಅಪ್ಪಂದಿರ ಮೇಲೆ. ಮಧುವರಸ "ಮಗಳು ನನ್ನ ಮಾತು ಕೇಳಲಿಲ್ಲ" ಅಂದಿದ್ದರೆ ಬಹುಶಃ ಉಳಿದುಕೊಳ್ಳುತ್ತಿದ್ದ. ಅವನಿಗೆ ಕಳೆದುಕೊಳ್ಳಲು ಎಲ್ಲರಿಗಿಂತ ಜಾಸ್ತಿ ಇತ್ತು. ಮಕ್ಕಳ ಹೆಸರು ಎಷ್ಟೋ ಜನಕ್ಕೆ ನೆನಪಿಲ್ಲ, ಆ ಅಪ್ಪಂದಿರ ಹೆಸರು ಎಲ್ಲರಿಗೂ ಗೊತ್ತು.

ಈಗ ಕಾನೂನು ನಮ್ಮ ಕಡೆ ಇದೆ. 2006ರಲ್ಲಿ ಲತಾ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ವಯಸ್ಸಿಗೆ ಬಂದವರು ಇಷ್ಟಪಟ್ಟವರನ್ನು ಮದುವೆ ಆಗಬಹುದು, ಒಪ್ಪದ ತಂದೆತಾಯಿ ಹೆಚ್ಚೆಂದರೆ ಸಂಬಂಧ ಕಡಿದುಕೊಳ್ಳಬಹುದು, ಬೆದರಿಸುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ. ಸರಿಯಾದ ಮಾತು. ಆದರೆ ಆ "ಹೆಚ್ಚೆಂದರೆ" ಅನ್ನುವುದು ಎಷ್ಟು ದೊಡ್ಡದು ಅಂತ ಆ ಅತ್ತೆಯನ್ನು ಕೇಳಬೇಕು. ಅಣ್ಣ ಒಂದೂವರೆ ವರ್ಷ ಮಾತು ಬಿಟ್ಟರು. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ.

ಹುಟ್ಟುಗುಣದ ಬಗ್ಗೆಯೂ ಕೇಳಿದ್ದೀರಿ. ಹೆದರಿಕೆ ಹುಟ್ಟುಗುಣವೇ ಇರಬೇಕು, ನನಗಂತೂ ಇದೆ. ಆಮೇಲೊಂದು ದಿನ ಆ ಅತ್ತೆಯ ಮನೆಗೆ ಹೋದಾಗ ಕೇಳಿದೆ, "ಅಮ್ಮಾ, ಆವತ್ತು ನಿಮಗೆ ಭಯ ಆಗಿರಲಿಲ್ವಾ?"

"ಆಗ್ದೆ ಇರುತ್ತಾ ತಮ್ಮಾ" ಅಂದರು. "ಹೊಟ್ಟೆ ತೊಳೆಸ್ತಿತ್ತು. ಎಲ್ಲಿ ಅಲ್ಲೇ ವಾಂತಿ ಆಗುತ್ತೋ ಅಂತ ತಿಂಡಿ ತಿನ್ನದೇ ಬಂದಿದ್ದೆ."