ಬರ್ಬನ್ ಅಂದರೆ ಬಿಸ್ಕತ್ತಲ್ಲವಾ?

ಪ್ರಶ್ನೆ: ಮದುವೆಯಾಗುವವರೆಗೂ ನನಗೆ ಬರ್ಬನ್ ಅಂದರೆ ಕ್ರೀಮ್ ಬಿಸ್ಕತ್ತು. ನಮ್ಮೆಜಮಾನ್ರು ಶನಿವಾರ ರಾತ್ರಿ ಬರ್ಬನ್ ವಿಸ್ಕಿ ಹಿಡಿದು ಕೂತು, ‘ನೀನೂ ಒಂದು ಗುಟುಕು ನೋಡೇ’ ಅಂತಾರೆ. ಮೂಸಿದರೆ ಬೆಲ್ಲದ ಪಾಕ, ಬಾಯಿಗಿಟ್ಟರೆ ಬೆಂಕಿ! ಅವರಿಗೆ ಬೇಜಾರಾಗದ ಹಾಗೆ ಏನು ಮಾಡಲಿ?
— ಓದುಗರೊಬ್ಬರು, ತುಮಕೂರು

ಉತ್ತರ: ಪಾಕ ಅಂತ ಮೊದಲ ಸಲಕ್ಕೇ ಗುರುತಿಸಿದಿರಲ್ಲ ತಾಯಿ, ನನಗದು ಗೊತ್ತಾಗಲು ಮೂರು ಬಾಟಲಿ ಬೇಕಾಯಿತು. ಅಮೆರಿಕದ ಕಾನೂನಿನಂತೆ ಬರ್ಬನ್‌ಗೆ ಬಳಸುವ ಧಾನ್ಯದಲ್ಲಿ ಕಡೇಪಕ್ಷ ಶೇ. 51 ಮುಸುಕಿನ ಜೋಳ ಇರಬೇಕು. ಒಳಮೈ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಸುಡುವಾಗ ಮರದೊಳಗಿನ ಸಕ್ಕರೆ ಕಂದುತ್ತದೆ, ನಿಮ್ಮ ಮೂಗಿಗೆ ಬಡಿದದ್ದು ಆ ಘಮ. ಬೆಂಕಿ ಆಲ್ಕೋಹಾಲಿನದು, ಬಾಟಲಿಯಲ್ಲಿ ಅದು ಶೇ. 40ಕ್ಕಿಂತ ಕಡಿಮೆ ಇರುವಂತಿಲ್ಲ. ಒಂದೆರಡು ಚಮಚ ನೀರು ಬೆರೆಸಿ, ತುಟಿ ಒದ್ದೆಯಾಗುವಷ್ಟೇ ಹೀರಿ. ಜೊತೆಗೆ ತಿಪಟೂರು ಕೊಬ್ಬರಿಯ ಚೂರು (ಇದು ನನ್ನ ಹೆಂಡತಿ ಕಂಡುಹಿಡಿದ ಜೋಡಿ). ಬಸುರಿಯಾಗಿದ್ದರೆ ಮಾತ್ರ ಮುಟ್ಟಲೇಬೇಡಿ. ಹಿಡಿಸದಿದ್ದರೂ ಬಿಡಿ, ಬಲವಂತವೇನಿಲ್ಲ. ನಮ್ಮನೆಯಲ್ಲಿ ಅವಳು ಬರೀ ಮೂಸಿ ಯಾವ ಬಾಟಲಿ ಅಂತ ಹೇಳುತ್ತಾಳೆ, ಕುಡಿಯುವವನು ನಾನು. ಹನ್ನೊಂದು ವರ್ಷದಿಂದ ಅವಳ ಮೂಗೇ ಗೆಲ್ಲುತ್ತಿದೆ.